ಬಿಸಿ ಭಕ್ರಿ ಮೊದಲು ಯಾರ ತಾಟಿಗೆ?

ಹೋದ ತಿಂಗಳು ನಮ್ಮ ಲಗ್ನಾಗಿ ಮೂವತ್ತು ವರ್ಷ ಆತು ಅಂತ ಮಗಾ-ಸೊಸಿ ಬೆಂಗಳೂರಿನೊಳಗ ನಮ್ಮನ್ನ ಒಂದು ದೊಡ್ಡ ರೆಸ್ಟೋರೆಂಟಿಗೆ ಕರಕೊಂಡು ಹೋಗಿದ್ರು. "ಫೈನ್ ಡೈನಿಂಗ್ ಅಂತಾರಮ್ಮಾ, ಒಮ್ಮೆ ನೋಡು" ಅಂತ ಮಗನ ಒತ್ತಾಯ. ನನಗ ಒತ್ತಾಯ ಬೇಕಾಗಿರಲಿಲ್ಲ ಬಿಡ್ರಿ. ತಿನ್ನೂದು, ತಿನ್ನೂದರ ಬಗ್ಗೆ ಓದೂದು, ಯಾವ ಊರಿಗೆ ಹೋದ್ರೂ ಅಲ್ಲಿ ಏನು ಛಲೋ ಸಿಗ್ತದ ಅಂತ ಕೇಳೂದು ನನ್ನ ಹಳೇ ಹುಚ್ಚು. ನಿಮಗೆಲ್ಲಾ ಗೊತ್ತೇ ಅದ.

ಅಲ್ಲಿ ಏಳು ಸರ್ತಿ ತಾಟು ಬಂತು. ತಾಟು ಪರಾತದಷ್ಟು, ಅದರಾಗಿನ ಊಟ ಗಂಧ ಹಚ್ಚಿದಷ್ಟು. ಮೂರನೇ ತಾಟಿನ್ಯಾಗ ನಮ್ಮ ಜೋಳದ ಭಕ್ರಿನೇ ಬಂತು ನೋಡ್ರಿ! ಎಂಟಾಣೆ ನಾಣ್ಯದಷ್ಟು ಅಗಲ ಮಾಡಿ, ಕಡಕ್ ಸುಟ್ಟು, ಅದರ ಮ್ಯಾಲೆ ಬದನಿಕಾಯಿ ಎಣಗಾಯಿ ನುಣ್ಣಗ ರುಬ್ಬಿ ಒಂದು ಚಿಟಿಕಿ ಇಟ್ಟು, ಶೇಂಗಾ ಹಿಂಡಿ ಉದುರಿಸಿದ್ರು. ನಮ್ಮ ಮನಿಯವರು ಅದನ್ನ ತಿರಿಗಿಸಿ ತಿರಿಗಿಸಿ ನೋಡಿ, "ಇದು ಊಟಾನೋ, ಉಪ್ಪು ನೋಡ್ಲಿಕ್ಕೆ ಕೊಟ್ಟಾರೋ?" ಅಂದ್ರು. ಬಡಸ್ಲಿಕ್ಕೆ ನಿಂತ ಹುಡುಗನೂ ನಕ್ಕ.

ಧಾರವಾಡಕ್ಕ ಬಂದ ಮ್ಯಾಲೆ ಇದನ್ನ ಹೇಳಿದ್ದೇ ತಡ, ಓಣಿಯೆಲ್ಲಾ ನಗೀನೇ ನಗಿ. "ಅಷ್ಟು ರೊಕ್ಕ ಕೊಟ್ಟು ಭಕ್ರಿ ಚೂರು ತಿಂದು ಬಂದ್ರ್ಯಾ?" ಅಂತ ನಮ್ಮ ವೈನಿ ಇನ್ನೂ ಚಾಷ್ಟಿ ಮಾಡ್ತಾರ. ನಾನೂ ಎಲ್ಲಾರ ಜೋಡಿ ನಕ್ಕೀನಿ. ಆದ್ರ ಒಂದು ಮಾತು ಅವತ್ತು ಯಾರ ಮುಂದೂ ಹೇಳಲಿಲ್ಲ. ಇವತ್ತು ಹೇಳ್ತೀನಿ. ನನಗ ಆ ಊಟ ಭಾಳ ಸೇರ್ತು. ರುಚಿ ಎಂಥಾದ್ದು ಅಂತ ಕೇಳಿದ್ರ, ನಮ್ಮ ವೈನಿ ಎಣಗಾಯಿ ಮುಂದ ಅದು ಏನೇನೂ ಅಲ್ಲ. ಸೇರಿದ್ದು ಬ್ಯಾರೆ. ನಾ ಎರಡು ತಾಸು ಕೂತಲ್ಲಿಂದ ಏಳಲಿಲ್ಲ. ನನ್ನ ತಾಟು ಬಂದಾಗ ಬಿಸಿ ಇತ್ತು. ನಾಲ್ಕೂ ಮಂದಿ ತಾಟು ಒಮ್ಮೆಲೇ ಬಂತು, ನಾಲ್ಕೂ ಮಂದಿ ಒಮ್ಮೆಲೇ ಶುರು ಮಾಡಿದ್ವಿ. "ಉಪ್ಪು ತಾ", "ಇನ್ನೊಂದು ಹಾಕು", "ನೀರು ಎಲ್ಲದ" ಅಂತ ಯಾರೂ ನನ್ನ ಕೇಳಲಿಲ್ಲ.

ನೀವೇ ನೆನಪು ಮಾಡ್ಕೊಂಡು ನೋಡ್ರಿ. ಮನ್ಯಾಗ ನೀವು ಬಿಸಿ ಭಕ್ರಿ ಉಂಡು ಎಷ್ಟು ದಿನಾ ಆತು?

ನಮ್ಮ ಕಡೆ ಭಕ್ರಿ ಅಂದ್ರ ಹಂಚಿನ ಮ್ಯಾಲಿಂದ ಸೀದಾ ತಾಟಿಗೆ ಬರಬೇಕು. ಉಬ್ಬಿದ್ದು ಇಳಿಯೂದ್ರೊಳಗ ಬೆಣ್ಣಿ ಬೀಳಬೇಕು. ಉಣ್ಣೋರಿಗೆ ಇದಕ್ಕಿಂತ ಸುಖ ಇಲ್ಲ. ಆದ್ರ ಬಡಿಯೋಕಿ ಒಬ್ಬಾಕಿ ಹಂಚಿನ ಮುಂದ ನಿಂತಿರ್ತಾಳಲ್ಲಾ? ಎಲ್ಲಾರದ್ದೂ ಮುಗದು, ಕಟ್ಟಿ ಒರಸಿ, ಅಕಿ ಕೂಡ್ರೂದ್ರೊಳಗ ಭಕ್ರಿ ಆರಿರ್ತದ, ಎಣಗಾಯಿಯೊಳಗ ಬರೇ ಮಸಾಲಿ ಉಳದಿರ್ತದ. ನಮ್ಮ ಅತ್ತಿ ನಲವತ್ತು ವರ್ಷ ಹಂಗ ಉಂಡ್ರು. "ನನಗ ಆರಿದ್ದೇ ಸೇರ್ತದ" ಅಂತಿದ್ರು. ನಾನೂ ಖರೆ ಅಂತ ತಿಳಕೊಂಡಿದ್ದೆ. ಕಡೀಕ ಅವರಿಗೆ ಮೊಣಕಾಲು ನೋವು ಹೆಚ್ಚಾಗಿ ಅಡಿಗಿಮನಿ ಬಿಟ್ಟ ಮ್ಯಾಲೆ, ಒಂದಿನಾ ಮೊದಲನೇ ಭಕ್ರಿ ಅವರ ತಾಟಿಗೇ ಹಾಕಿದೆ. ಒಂದು ತುತ್ತು ಮುರದು ಬಾಯಾಗ ಇಟ್ಕೊಂಡು, "ನಮ್ಮನಿ ಭಕ್ರಿ ಇಷ್ಟು ಮೆತ್ತಗ ಇರ್ತದೇನs?" ಅಂದ್ರು. ನನ್ನ ಕೈ ಹಂಚಿನ ಮ್ಯಾಲೇ ನಿಂತುಬಿಡ್ತು. ಸಾವಿರಾರು ಭಕ್ರಿ ಬಡದ ಕೈ ಅವರದು, ಅದರ ಬಿಸಿ ರುಚಿ ಅವರಿಗೇ ಗೊತ್ತಿರಲಿಲ್ಲ. ಆಮ್ಯಾಲೆ ಅವರು ಬದುಕಿದ್ದು ಎರಡೇ ವರ್ಷ.

ಹಬ್ಬದ ಪಂಕ್ತಿನೂ ಹಂಗs. ಎಲಿ ಮ್ಯಾಲೆ ಉಪ್ಪು, ಕೋಸಂಬರಿ, ಪಲ್ಯಾ ಒಂದೊಂದಕ್ಕ ಅದರದರ ಜಾಗಾ, ಒಂದರ ಹಿಂದ ಒಂದು ಬಡಸೂ ಕ್ರಮ. ಆ ರೆಸ್ಟೋರೆಂಟಿನ ಏಳು ತಾಟಿಗಿಂತ ಇದು ಏನು ಕಮ್ಮಿ? ಆದ್ರ ಹೆಣ್ಣುಮಕ್ಕಳ ಪಂಕ್ತಿ ಕಡೀಕ. ಅಷ್ಟೊತ್ತಿಗೆ ಹೋಳಿಗಿ ತಣ್ಣಗ, ಕಟ್ಟಿನ ಸಾರು ತಳಾ ಕಂಡಿರ್ತದ.

ಹೊರಗಿನ ಊಟಾನೂ ನಮಗ ಲಗೂ ಸಿಕ್ಕದ್ದಲ್ಲ. ನಾ ಸಣ್ಣಾಕಿ ಇದ್ದಾಗ ಹೋಟೆಲ್ಲಿಗೆ ಹೋದ್ರ ಹೆಣ್ಣುಮಕ್ಕಳಿಗೆ 'ಫ್ಯಾಮಿಲಿ ರೂಮ್' ಅಂತ ಪಡದಾ ಹಾಕಿದ ಸಣ್ಣ ಖೋಲಿ. ದ್ವಾಸಿ ತಿನ್ನೂದೂ ಏನೋ ಕದ್ದು ತಿಂದ್ಹಂಗ. ಅಪ್ಪ ಎದುರಿಗೆ ಕೂತಿರಬೇಕು, ಇಲ್ಲಾ ಅಣ್ಣ. ಇಬ್ಬರು ಹೆಣ್ಣುಮಕ್ಕಳೇ ಕೂಡಿ ಹೋಗಿ ಕಾಫಿ ಕುಡದು ಬರೂದು ನಮ್ಮ ಓಣ್ಯಾಗ ಸುದ್ದಿ ಆಗ್ತಿತ್ತು. ಅದಕ್ಕ ಈಗಿನ ಹುಡುಗ್ಯಾರು ಗೆಳತ್ಯಾರ ಜೋಡಿ ಹೋಗಿ ಉಂಡು ಬಂದ್ರ "ಮನ್ಯಾಗ ಅಡಿಗಿ ಮಾಡ್ಲಿಕ್ಕೆ ಏನು ಧಾಡಿ" ಅನ್ನಬ್ಯಾಡ್ರಿ. ಆ ಪಡದಾ ಸರೀಲಿಕ್ಕೆ ಭಾಳ ದಿನಾ ಹಿಡದದ.

ನಾ ಓದಿದ್ದು ಒಂದಿಷ್ಟು ಹೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ರೆಸ್ಟೋರೆಂಟ್ ಅನ್ನೂ ಶಬ್ದ ಫ್ರೆಂಚರದ್ದು. ಮೊದಲಿಗೆ ಅದು ಜಾಗಾದ ಹೆಸರಲ್ಲ, ದಣದವರಿಗೆ ಶಕ್ತಿ ಕೊಡೋ ಒಂದು ಸಾರಿನ ಹೆಸರು. 18ನೇ ಶತಮಾನದಾಗ ಪ್ಯಾರಿಸಿನ್ಯಾಗ ಆ ಸಾರು ಮಾರೂ ಜಾಗಾಕ್ಕೂ ಅದೇ ಹೆಸರು ಬಂತು. ಅಂದ್ರ ದಣದವರು ಕೂತು ಬಿಸೀದೇನರೆ ಕುಡೀಲಿ ಅಂತ ಹುಟ್ಟಿದ್ದು ಅದು. ಇನ್ನ ಒಂದರ ಹಿಂದ ಒಂದು ತಾಟು ತರೂ ಪದ್ಧತಿ. ಹಿಂದಕ ಅಲ್ಲಿನ ಶ್ರೀಮಂತರ ಮನ್ಯಾಗ ಎಲ್ಲಾ ಪದಾರ್ಥ ಒಮ್ಮೆಲೇ ಟೇಬಲ್ ತುಂಬ ಹರವಿ ಇಡ್ತಿದ್ರು. ನೋಡ್ಲಿಕ್ಕೆ ವೈಭವ, ಉಣ್ಣೂದ್ರೊಳಗ ತಣ್ಣಗ. 19ನೇ ಶತಮಾನದಾಗ ರಶಿಯಾದವರ ರೀತಿ ನೋಡಿ, ಒಂದೊಂದೇ ಬಿಸಿ ಬಿಸಿ ತಂದು ಬಡಸೂದು ಶುರು ಆತು. ನಾವು ಡೌಲು ಅಂತ ನಗೂ ಆ ಏಳು ತಾಟಿನ ಹಿಂದ ಇರೂದು ಇಷ್ಟೇ: ಉಣ್ಣೋರಿಗೆ ಬಿಸಿ ಸಿಗಬೇಕು.

ಅದು ಆಗ್ಲಿಕ್ಕೆ ಒಳಗ ಎಷ್ಟು ಕೈ ಬೇಕು ಗೊತ್ತೇನು? ಎಸ್ಕೋಫಿಯೆ ಅಂತ ಫ್ರಾನ್ಸಿನ ದೊಡ್ಡ ಅಡಿಗಿಯವರು, 1846ರಾಗ ಹುಟ್ಟಿದವರು, ದೊಡ್ಡ ಹೋಟೆಲ್ಲಿನ ಅಡಿಗಿಮನಿ ಕೆಲಸಾನ ಪಾಲು ಹಾಕಿ ಕೊಟ್ರು. ಸಾಸ್ ಮಾಡವಾ ಒಬ್ಬ, ಕಾಯಿಪಲ್ಯಾ ನೋಡವಾ ಒಬ್ಬ, ಸಿಹಿ ಮಾಡವಾ ಒಬ್ಬ, ಭಾಂಡಿ ತಿಕ್ಕವಾ ಮತ್ತೊಬ್ಬ. ಇವತ್ತಿಗೂ ದೊಡ್ಡ ಹೋಟೆಲ್ಲುಗಳೊಳಗ ಹೆಚ್ಚುಕಮ್ಮಿ ಹಂಗs ನಡೀತದ. ನಮ್ಮ ಮನ್ಯಾಗ ಇವರೆಲ್ಲಾರೂ ಯಾರು? ನಾನs. ಮ್ಯಾಲೆ ಬಡಸಾಕಿನೂ ನಾನs, ಕಡೀಕ ಉಣ್ಣಾಕಿನೂ ನಾನs.

ಹಂಗಂತ ಆ ರೆಸ್ಟೋರೆಂಟಿನ ಎಲ್ಲಾನೂ ಹೊಗಳ್ಳಿಕ್ಕೆ ಬಂದಿಲ್ಲ. ಅಲ್ಲಿ "ಇನ್ನೊಂದು ಹಾಕ್ಕೋರಿ, ಸಂಕೋಚ ಮಾಡಬ್ಯಾಡ್ರಿ" ಅನ್ನೋರಿಲ್ಲ. ಎರಡನೇ ಸರ್ತಿ ಬೇಕನಿಸಿದ್ರ ಇಲ್ಲ. ಹಸದು ಹೋದವರು ಹಸದೇ ಬರಬೇಕು. ನಮ್ಮ ಖಾನಾವಳಿಯೊಳಗ ಇದಕ್ಕ ಪೂರಾ ಉಲ್ಟಾ, ಬ್ಯಾಡಂದ್ರೂ ಬಿಸಿ ರೊಟ್ಟಿ ತಾಟಿಗೆ ಬೀಳ್ತದ. ಹೊಟ್ಟಿ ವಿಷಯಕ್ಕ ಬಂದ್ರ ನನ್ನ ಮತ ಖಾನಾವಳಿಗೇ. ಆದ್ರ ಅಲ್ಲೂ ಒಳಗ ಇಣುಕಿ ನೋಡೀನಿ. ಹುಬ್ಬಳ್ಳಿಯ ಒಂದು ಖಾನಾವಳಿಯೊಳಗ ರೊಟ್ಟಿ ಬಡೀತಿದ್ದ ಬಾಯಾರಿಗೆ, "ನಿಮ್ಮ ಊಟ ಯಾವಾಗ್ರೀ ಅಕ್ಕಾ?" ಅಂತ ಕೇಳಿದೆ. "ನಾಕು ಹೊಡದ ಮ್ಯಾಲ್ರಿ, ಉಳದದ್ದು" ಅಂದ್ರು. ಬೆಂಗಳೂರಿನ ಎಂಟಿಆರ್, 1924ರಾಗ ಶುರು ಆದದ್ದು, ಅಲ್ಲಿ ಹಿಂದಕ ಗಿರಾಕಿಗಳು ಅಡಿಗಿಮನಿ ದಾಟೇ ಊಟದ ಕೋಣಿಗೆ ಹೋಗಬೇಕಾಗಿತ್ತಂತ. ಎಷ್ಟು ಸ್ವಚ್ಛ ಅದ ನೋಡ್ರಿ ಅಂತ ತೋರಸ್ಲಿಕ್ಕೆ. ನನಗನಸ್ತದ, ಸ್ವಚ್ಛತಾ ಜೋಡಿ ದುಡಿಯೋರ ಮಾರಿನೂ ಕಂಡಿರಬೇಕು. ಉಣ್ಣೂಕಿಂತ ಮೊದಲು ಮಾಡಿದವರ ಮಾರಿ ನೋಡೂದು ಛಲೋ ಪದ್ಧತಿ.

ಬಿಲ್ಲಿನ ಕಥಿನೂ ಕೇಳ್ರಿ. ಕಡೀಕ ನೂರಕ್ಕ ಹತ್ತರಂಗ 'ಸರ್ವಿಸ್ ಚಾರ್ಜ್' ಅಂತ ಹಚ್ಚಿದ್ರು. ಇದು ನಿಮಗೂ ಗೊತ್ತಿರ್ಲಿ, ಅದನ್ನ ತಾನಾಗೇ ಬಿಲ್ಲಿಗೆ ಸೇರಿಸಬಾರದು. ಕೊಡೂದು ಬಿಡೂದು ನಮ್ಮ ಇಚ್ಛಾ ಅಂತ 2022ರ ಜುಲೈದಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳ್ತು. 2025ರ ಮಾರ್ಚದಾಗ ದಿಲ್ಲಿ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. "ಇರ್ಲಿ ಬಿಡ್ರಿ, ಆ ಹುಡುಗ ಎರಡು ತಾಸು ನಿಂತು ಬಡಿಸ್ಯಾನ" ಅಂದೆ ನಾ. ನನ್ನ ಸೊಸಿ ಶಾಣ್ಯಾಕಿ. "ಇದು ಅವರ ಕೈಗೇ ಹೋಗ್ತದಂತ ಏನು ಖಾತ್ರಿ ಅದ ಅತ್ತೀ?" ಅಂತ ಹೇಳಿ, ಬಿಲ್ಲಿನಿಂದ ಅದನ್ನ ತೆಗಿಸಿ, ಆ ಹುಡುಗನ ಕೈಯಾಗೇ ರೊಕ್ಕ ಇಟ್ಟಳು.

ರೈಲಿನ್ಯಾಗ ಬರ್ತಾ ಅದೇ ತಲ್ಯಾಗ ಕೂತಿತ್ತು. ಬಡಸೂದಕ್ಕೂ ಒಂದು ಬೆಲಿ ಅದ, ಅದನ್ನ ಬಿಲ್ಲಿನ್ಯಾಗ ಬರೀತಾರ, ಅದರ ಸಲುವಾಗಿ ಕೋರ್ಟಿಗೂ ಹೋಗ್ತಾರ. ಮನ್ಯಾಗ ಮೂವತ್ತು ವರ್ಷದಿಂದ ನಾ ಬಡಸೀನಿ, ಅದಕ್ಕ ಬಿಲ್ಲೂ ಇಲ್ಲ, ಲೆಕ್ಕಾನೂ ಇಲ್ಲ. ನನಗ ರೊಕ್ಕ ಬ್ಯಾಡ್ರಿ. ಆದ್ರ ವಾರಕ್ಕ ಒಂದು ಬಿಸಿ ತಾಟರೆ ಬ್ಯಾಡೇನು?

"ಎಲ್ಲಾರೂ ಒಮ್ಮೆಲೇ ಕೂತ್ರ ಬಿಸಿ ಭಕ್ರಿ ಯಾರು ಮಾಡವರು?" ಅಂತ ನಮ್ಮ ವೈನಿ ಕೇಳಿದ್ರು. ಅದಕ್ಕ ನಾ ಎರಡು ದಾರಿ ಮಾಡ್ಕೊಂಡೀನಿ. ದಿನದ ಊಟಕ್ಕ ಭಕ್ರಿ ಎಲ್ಲಾ ಬಡದು, ಅರಿವಿಯೊಳಗ ಸುತ್ತಿ ಬುಟ್ಯಾಗ ಇಡೂದು, ಆಮ್ಯಾಲೆ ಎಲ್ಲಾರೂ ಕೂಡೇ ಕೂಡ್ರೂದು. ಅವರಿಗೆ ಸ್ವಲ್ಪ ಬೆಚ್ಚಗ, ನನಗೂ ಅಷ್ಟೇ ಬೆಚ್ಚಗ. ಐತವಾರ ಮುಂಜಾನೆ ಮಾತ್ರ ಅಡಿಗಿಮನಿ ನಮ್ಮ ಮನಿಯವರದು. ಭಕ್ರಿ ಅವರ ಕೈಗೆ ಬರೂದಿಲ್ಲ, ಥಾಲಿಪೆಟ್ಟು ಬರ್ತದ. ಹಂಚಿಗೆ ಎಣ್ಣಿ ಹಚ್ಚಿ, ಹಿಟ್ಟು ಒತ್ತಿ, ಮುಚ್ಚಿ ಬೇಯಸಿದ್ರ ಮುಗೀತು. ಉಳ್ಳಾಗಡ್ಡಿ ನಾ ಹೆಚ್ಚಿ ಕೊಡಂಗಿಲ್ಲ, ಕಣ್ಣೀರು ಅವರೇ ಹಾಕ್ಲಿ.

ಮೊದಲನೇ ಐತವಾರ ಉಪ್ಪು ಹೆಚ್ಚಾಗಿತ್ತು, ಒಂದು ಕಡೆ ಹೊತ್ತಿತ್ತು. ನಾ ಏನೂ ಅನ್ನಲಿಲ್ಲ. ಹಂಚಿನ ಮ್ಯಾಲಿಂದ ಸೀದಾ ನನ್ನ ತಾಟಿಗೆ ಬಂದಿತ್ತು, ಬೆಣ್ಣಿ ಹಾಕಿದ ಕೂಡಲೇ ಕರಗ್ತು. ಅವರು ಹಂಚಿನ ಮುಂದ ನಿಂತು, "ಹ್ಯಾಂಗಾಗ್ಯದ? ಇನ್ನೊಂದು ಹಾಕ್ಲ್ಯಾ?" ಅಂತ ಕೇಳಿದ್ರು. ಮೂವತ್ತು ವರ್ಷ ನಾ ಕೇಳಿದ ಮಾತು ಅದು.

ಎರಡು ಹಾಕಿಸ್ಕೊಂಡು ಉಂಡೆ.

ನಿಮ್ಮ ಮನ್ಯಾಗೂ ಇದನ್ನ ಶುರು ಮಾಡ್ರಿ. ಸೊಸ್ತ್ಯಾರಿಗೆ ಹೇಳ್ರಿ, ಅದಕ್ಕಿಂತ ಮೊದಲು ಗಂಡುಮಕ್ಕಳಿಗೆ ಕಲಸ್ರಿ. ಮನ್ಯಾಗ ವಯಸ್ಸಾದ ಅತ್ತಿ, ಅವ್ವಾ ಇದ್ರಂತೂ ಇವತ್ತ ರಾತ್ರಿನೇ ಮೊದಲನೇ ಭಕ್ರಿ ಅವರ ತಾಟಿಗೆ ಹಾಕ್ರಿ. "ನನಗ ಆರಿದ್ದೇ ಸೇರ್ತದ" ಅಂದ್ರ ನಂಬಬ್ಯಾಡ್ರಿ.