"ಬರೀ ಎಂ.ಬಿ.ಬಿ.ಎಸ್."

ಮಗನಿಗೋ ಮಗಳಿಗೋ ವೈದ್ಯಕೀಯ ಸೀಟು ದೊರೆತ ಸುದ್ದಿ ತಿಳಿದೊಡನೆ ಬಂಧುಗಳು ಕೇಳುವ ಮೊದಲ ಪ್ರಶ್ನೆ, "ಮುಂದೆ ಯಾವುದರಲ್ಲಿ ಸ್ಪೆಶಲಿಸ್ಟ್?" ಎಂಬುದು. ಐದೂವರೆ ವರ್ಷ ಓದಿ ಇಂಡಿಯಲ್ಲೋ ಸಿಂದಗಿಯಲ್ಲೋ ದವಾಖಾನೆ ತೆರೆದವರನ್ನು "ಬರೀ ಎಂ.ಬಿ.ಬಿ.ಎಸ್." ಎನ್ನುವ ರೂಢಿ ನಮ್ಮಲ್ಲಿ ಬೇರೂರಿದೆ. ಆ "ಬರೀ" ಎಂಬ ಮಾತನ್ನು ವಿದ್ಯಾರ್ಥಿಗಳು ಕಾಲೇಜು ಸೇರುವ ಮೊದಲೇ ಮನೆಯಲ್ಲಿ ಕಲಿತಿರುತ್ತಾರೆಂಬುದು ನಮ್ಮ ಅಭಿಪ್ರಾಯ.

ಜನರ ಎಣಿಕೆಯಲ್ಲಿ ಕುಟುಂಬ ವೈದ್ಯರೆಂದರೆ ನೆಗಡಿ, ಕೆಮ್ಮಿಗೆ ಗುಳಿಗೆ ಕೊಡುವವರು. ಸೂಜಿ ಚುಚ್ಚದಿದ್ದರೆ ಆ ಮರ್ಯಾದೆಯೂ ಇಲ್ಲ. ಸಲಾಯಿನ್ ಬೇಡವೆಂದ ವೈದ್ಯರನ್ನು ತೊರೆದು ಏರಿಸುವವರನ್ನು ಹುಡುಕಿಕೊಂಡು ಹೋಗುವವರು ಬಸವನ ಬಾಗೇವಾಡಿಯಲ್ಲಿಯೂ ಇದ್ದಾರೆ, ಮುದ್ದೇಬಿಹಾಳದಲ್ಲಿಯೂ ಇದ್ದಾರೆ. ಆದರೆ ರೋಗವು ಇನ್ನೂ ರೂಪ ತಾಳದಿರುವಾಗ ಅದನ್ನು ಕಾಣುವವರು ಇವರೇ. ಯಾವ ಹೊಟ್ಟೆನೋವನ್ನು ಎರಡು ದಿನ ಕಾದು ನೋಡಬಹುದು, ಯಾವುದನ್ನು ಇಂದೇ ರಾತ್ರಿ ವಿಜಯಪುರಕ್ಕೆ ಕಳುಹಿಸಬೇಕು ಎಂಬ ತೀರ್ಮಾನ ಸುಲಭವಾದುದಲ್ಲ. ದೊಡ್ಡಾಸ್ಪತ್ರೆಯ ತಜ್ಞರಿಗೆ ರೋಗಿಯು ಹೆಚ್ಚಾಗಿ ಹೀಗೆ ಸೋಸಲ್ಪಟ್ಟೇ ತಲುಪುತ್ತಾನೆ.

ವಿದ್ಯಾರ್ಥಿಗಳ ತಾತ್ಸಾರಕ್ಕೂ ಕಾರಣ ಇಲ್ಲಿಯೇ ಇದೆ. ಅಲ್-ಅಮೀನ್ ಕಾಲೇಜೂ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜೂ ಇರುವುದು ವಿಜಯಪುರ ನಗರದಲ್ಲಿ. ಕಲಿಕೆಯ ಬಹುಭಾಗ ನಡೆಯುವುದು ವಾರ್ಡುಗಳಲ್ಲಿ. ಕಲಿಸುವವರು ಬಹುತೇಕ ತಜ್ಞರು. ತಾಲೂಕಿನ ವೈದ್ಯರೊಬ್ಬರ ಪಕ್ಕದಲ್ಲಿ ಒಂದು ತಿಂಗಳು ಕುಳಿತು ನೋಡಿರದವನಿಗೆ ಆ ಕೆಲಸದ ಸೂಕ್ಷ್ಮ ತಿಳಿಯುವುದಾದರೂ ಹೇಗೆ? ಸರಕಾರವು ಕಡ್ಡಾಯ ಸೇವೆಯ ಕಾಯ್ದೆಯನ್ನು ತಂದಿತು. ಕಡ್ಡಾಯವೆಂದೊಡನೆ ಹಳ್ಳಿಯ ಸೇವೆ ಶಿಕ್ಷೆಯಂತೆ ತೋರುವುದು ಬೇರೆಯ ಮಾತು.

ಇದರ ಬೆಲೆ ತೆರುವವರು ನಾವೇ. ಇಂಡಿಯ ಕುಟುಂಬವೊಂದು ಮಂಡಿನೋವಿಗೆ ಸೊಲ್ಲಾಪುರಕ್ಕೆ, ಸಕ್ಕರೆ ಕಾಯಿಲೆಗೆ ವಿಜಯಪುರಕ್ಕೆ, ಎದೆನೋವಿಗೆ ಮೀರಜಿಗೆ ಹೋಗುತ್ತದೆನ್ನಿ. ಮೂರು ಚೀಟಿಗಳು, ಒಂದು ಚೀಲ ಗುಳಿಗೆ. ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆಯ ಅಜ್ಜಿಯ ಮೂತ್ರಪಿಂಡಕ್ಕೆ ಹಾನಿಯಾದೀತೆಂದು ಮೂರೂ ಚೀಟಿಗಳನ್ನು ಒಟ್ಟಿಗಿಟ್ಟು ಹೇಳುವವರು ಯಾರು?

2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯವನ್ನು ಗಮನಿಸಬೇಕೆಂದು ಸೂಚಿಸಿತು. ಇದು ಸ್ವಾಗತಾರ್ಹ. ಆದರೆ ವಿದ್ಯಾರ್ಥಿಯು ಕಲಿತು ಹೊರಟ ಮೇಲೆ ಆ ಕುಟುಂಬದ ರಕ್ತದೊತ್ತಡದ ಲೆಕ್ಕ ಯಾರ ಕೈಗೆ ಹೋಗಬೇಕು? ಅದೇ ಊರಿನ ಆ "ಬರೀ ಎಂ.ಬಿ.ಬಿ.ಎಸ್." ವೈದ್ಯರ ಕೈಗೇ ಅಲ್ಲವೇ?