ಮೋಡದೊಳಗಿನ ಒಲೆ

ಜೂನ್ ಮೊದಲ ವಾರ. ಮಳೆ ಇನ್ನೂ ಹಿಡಿದಿರಲಿಲ್ಲ. ಪುಣೆಯವರ ವಾಡಿಕೆಯಂತೆ ಭಾನುವಾರ ನಾವೂ ಲೋಣಾವಳಾಕ್ಕೆ ಹೋಗಿದ್ದೆವು. ಘಟ್ಟದ ಮೇಲೆ ಹೂಕೋಸಿನಂಥ ಮೋಡಗಳು ಏಳುತ್ತಿದ್ದವು. ಜೋಳದ ತೆನೆ ಸುಡುವವನ ಕೆಂಡದ ಹೊಗೆ ನೋಡುತ್ತಾ ಮಗಳು ಕೇಳಿದಳು: "ಅಪ್ಪ, ಹೊಗೆ ಮೇಲೆ ಹೋಗ್ತಾ ಹರಡಿ ಕರಗಿಬಿಡುತ್ತೆ. ಮೋಡ ಮಾತ್ರ ಯಾಕೆ ಗೋಪುರದ ಹಾಗೆ ಬೆಳೆಯುತ್ತೆ?"

ನಾನು ಇಂಜಿನಿಯರು. ಉತ್ತರ ಅರ್ಧಂಬರ್ಧ ಗೊತ್ತಿತ್ತು, ಕನ್ನಡದಲ್ಲಿ ಮಾತ್ರ ಬಾಯಿಗೆ ಬರಲಿಲ್ಲ. "ಮನೆಗೆ ಹೋಗಿ ಹೇಳ್ತೀನಿ" ಎಂದು ಜಾರಿಕೊಂಡೆ.

ಆ ರಾತ್ರಿ ಓದಲು ಕೂತಾಗ ಸಿಕ್ಕವರು ನಮ್ಮ ಬೆಂಗಳೂರಿನವರೇ ಆದ ಪ್ರೊಫೆಸರ್ ರೊದ್ದಂ ನರಸಿಂಹ. 1933ರಲ್ಲಿ ಹುಟ್ಟಿದ ಅವರು ಈಗಿನ ಯು.ವಿ.ಸಿ.ಇ.ಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾದರು. 1961ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್.ಡಿ. ಪಡೆದು, ಮರುವರ್ಷವೇ ಪಾಠ ಹೇಳಲು ಬೆಂಗಳೂರಿಗೆ ಮರಳಿದರು. 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. 2013ರಲ್ಲಿ ಪದ್ಮವಿಭೂಷಣ ಬಂತು. 2020ರಲ್ಲಿ ತೀರಿಕೊಂಡರು.

ಅವರ ಆಸಕ್ತಿ ಒಂದೇ: ಹರಿವು. ವಿಮಾನದ ರೆಕ್ಕೆಯ ಮೇಲೆ ನಯವಾಗಿ ಸಾಗುವ ಗಾಳಿ ಯಾವಾಗ ಕದಡುತ್ತದೆ, ಕದಡಿದ್ದು ಮತ್ತೆ ಹೇಗೆ ತಿಳಿಯಾಗುತ್ತದೆ ಎಂಬುದರಿಂದ ಹೊರಟು ಮುಂಗಾರಿನ ಗಾಳಿಗೆ ಬಂದರು. ವಿಜ್ಞಾನ ಸಂಸ್ಥೆಯಲ್ಲಿ ವಾಯುಮಂಡಲದ ಅಧ್ಯಯನಕ್ಕೇ ಒಂದು ಕೇಂದ್ರ ಕಟ್ಟಿದರು. ಸಹೋದ್ಯೋಗಿಗಳ ಜೊತೆ ನೀರಿನ ತೊಟ್ಟಿಯಲ್ಲೇ ಮೋಡದ ನಡತೆಯನ್ನು ಪರೀಕ್ಷಿಸಿದರು. ಕೆಳಗಿನಿಂದ ಚಿಮ್ಮುವ ನೀರಿಗೆ ತುಸು ಆಮ್ಲ ಬೆರೆಸಿ, ನಡುದಾರಿಯಲ್ಲಿ ವಿದ್ಯುತ್ ಹಾಯಿಸಿ ಬಿಸಿ ಮಾಡಿದರು. ಬಿಸಿ ಸಿಕ್ಕ ಹರಿವು ಮೊದಲಿನಂತೆ ಅಕ್ಕಪಕ್ಕಕ್ಕೆ ಹರಡುವುದನ್ನು ಬಿಟ್ಟು ನೆಟ್ಟಗೆ ಮೇಲೇರಿತು.

ಮರುದಿನ ಮಗಳಿಗೆ ಹೇಳಿದೆ: "ಹೊಗೆಗೆ ಬಿಸಿ ಸಿಗೋದು ಕೆಂಡದ ಹತ್ರ ಮಾತ್ರ. ಮೋಡದಲ್ಲಿ ಆವಿ ಹನಿಯಾಗುವಾಗೆಲ್ಲ ಒಳಗೇ ಬಿಸಿ ಹುಟ್ಟುತ್ತೆ."

"ಅಂದ್ರೆ ಮೋಡ ತನ್ನ ಒಲೆ ತಾನೇ ಹೊತ್ಕೊಂಡು ಹೋಗುತ್ತಾ?"

ಹೌದೆಂದೆ. ಇಷ್ಟು ಸರಳವಾಗಿ ನನಗೆ ಹೊಳೆದಿರಲಿಲ್ಲ.

ಇನ್ನೊಂದು ವಿಷಯ. ನರಸಿಂಹರ ತಂದೆ ಆರ್.ಎಲ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಕನ್ನಡದಲ್ಲಿ ವಿಜ್ಞಾನ ಬರೆದವರು. ಮನೆಮಾತಿನಲ್ಲಿ ವಿಜ್ಞಾನ ಹೇಳಲಾಗದು ಎಂದು ನಂಬಿದ್ದ ನನಗೆ ತುಸು ನಾಚಿಕೆಯಾಯಿತು. ಪರಊರಿನಲ್ಲಿ ಮಕ್ಕಳೊಂದಿಗೆ ನಾವು ಕನ್ನಡ ಆಡುವುದು ಊಟ, ಹಬ್ಬ, ಅಜ್ಜಿಯ ಫೋನಿಗಷ್ಟೇ ಅಲ್ಲವೇ?

ಮಗಳ ಹೊಸ ಪ್ರಶ್ನೆ: "ಮಳೆ ಸುರಿದ ಮೇಲೆ ಆ ಒಲೆ ಆರುತ್ತಾ?" ಈ ಸಲ ಜಾರಿಕೊಳ್ಳುವುದಿಲ್ಲ. ಓದುತ್ತಿದ್ದೇನೆ.