ರಕ್ತದ ಕೆಂಪು ಮತ್ತು ಮನೆತನದ ಗುಟ್ಟು

ಕಳೆದ ತಿಂಗಳು ಪರಿಚಿತ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅವರ ಮಗನಿಗೆ ಶಸ್ತ್ರಚಿಕಿತ್ಸೆ ಆಗಬೇಕಾಗಿತ್ತು. “ನಿಮ್ಮ ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾದದ್ದುಂಟೆ?” ಎಂದು ವೈದ್ಯರು ಕೇಳಿದಾಗ ಇವರು “ಇಲ್ಲ” ಎಂದುಬಿಟ್ಟಿದ್ದರು. ನಿಜವಾಗಿ ಇವರ ತಮ್ಮ ಚಿಕ್ಕ ವಯಸ್ಸಿನಲ್ಲಿಯೇ ಶಸ್ತ್ರಚಿಕಿತ್ಸೆಯ ಮರುದಿನ ಕಾರಣ ತಿಳಿಯದೆ ತೀರಿಕೊಂಡಿದ್ದ. ಮಗಳ ಸಂಬಂಧದ ಮಾತುಕತೆ ನಡೆದಿರುವಾಗ ಆ ಸಂಗತಿ ಹೊರಬೀಳಬಾರದೆಂಬ ಆತಂಕ ಅವರದು. “ಹೇಳಲೇಬೇಕೆ?” ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಈ ಬಾರಿ ವಾಚಕರ ಮುಂದೆಯೂ ಇಡುತ್ತಿದ್ದೇವೆ.

ರಕ್ತವು ಕೆಂಪಾಗಿರುವುದೆಲ್ಲರಿಗೂ ಗೊತ್ತು. ಆ ಕೆಂಪು ಎಲ್ಲಿಂದ ಬಂತೆಂದು ಕೇಳುವವರು ವಿರಳ. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿನಲ್ಲಿ ‘ಹೀಮ್’ ಎಂಬ ನಾಲ್ಕು ಘಟಕಗಳಿವೆ. ಒಂದು ಬಳೆಯ ನಡುವೆ ಕಬ್ಬಿಣದ ಒಂದು ಕಣವನ್ನು ಕೂಡಿಸಿದಂತೆ ಅದರ ರಚನೆ. ನಾವು ಉಸಿರಾಡುವ ಆಮ್ಲಜನಕವನ್ನು ಹಿಡಿದು ದೇಹದ ಮೂಲೆಮೂಲೆಗೆ ಒಯ್ಯುವುದು ಈ ಕಬ್ಬಿಣವೇ. ಆ ಬಳೆಗೆ ಪೋರ್ಫಿರಿನ್ ಎಂದು ಹೆಸರು. ಹೀಮಿನ ರಚನೆಯನ್ನು ಬಿಡಿಸಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದ ಜರ್ಮನಿಯ ಹಾನ್ಸ್ ಫಿಷರರಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ದೇಹವು ಇದನ್ನು ಯಾವುದರಿಂದ ಕಟ್ಟುತ್ತದೆ? ನ್ಯೂಯಾರ್ಕಿನ ಡೇವಿಡ್ ಶೆಮಿನ್ ಎಂಬ ವಿಜ್ಞಾನಿ ಇದಕ್ಕೆ ತಮ್ಮ ದೇಹವನ್ನೇ ಒಡ್ಡಿದರು. ಗುರುತು ಹಚ್ಚಿದ ಸಾರಜನಕವುಳ್ಳ ಗ್ಲೈಸಿನ್ ಎಂಬ ಸರಳ ವಸ್ತುವನ್ನು ಸುಮಾರು 66 ಗ್ರಾಮಿನಷ್ಟು ತಾವೇ ಸೇವಿಸಿ, ತಮ್ಮ ರಕ್ತವನ್ನು ಮೇಲಿಂದ ಮೇಲೆ ಪರೀಕ್ಷಿಸುತ್ತ ಹೋದರು. ಆ ಗುರುತು ಹೀಮಿನಲ್ಲಿ ಕಾಣಿಸಿತು! 1946ರಲ್ಲಿ ಪ್ರಕಟವಾದ ಈ ಶೋಧನೆಯಿಂದ, ಕೆಂಪು ಕಣದ ಆಯುಷ್ಯ ಸುಮಾರು ನಾಲ್ಕು ತಿಂಗಳೆಂಬುದೂ ತಿಳಿಯಿತು.

ಹೀಮ್ ಒಮ್ಮೆಗೇ ಸಿದ್ಧವಾಗುವುದಿಲ್ಲ. ಎಂಟು ಹಂತಗಳನ್ನು ದಾಟಿ ಬರಬೇಕು. ಪ್ರತಿ ಹಂತಕ್ಕೂ ಒಂದೊಂದು ಕಿಣ್ವ ಉಂಟು. ಬಾವಿಯಿಂದ ಮನೆಯವರೆಗೆ ಎಂಟು ಜನ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೆನೆಯಿರಿ. ಅವರಲ್ಲಿ ಒಬ್ಬನ ಕೈ ಸೋತಿದ್ದರೆ ಅವನ ಹಿಂದೆ ಕೊಡಗಳು ಒಟ್ಟುಗೂಡುತ್ತವೆ. ದೇಹದಲ್ಲಿ ಹೀಗೆ ಅರೆಸಿದ್ಧ ವಸ್ತುಗಳು ಒಟ್ಟುಗೂಡಿದಾಗ ಉಂಟಾಗುವ ಬೇನೆಗಳಿಗೆ ಪೋರ್ಫಿರಿಯಾ ಎನ್ನುತ್ತಾರೆ. ಇವು ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆಯಂತಲ್ಲ. ಹೀಮು ಬಹುಪಾಲು ಎಲುಬಿನ ಮಜ್ಜೆಯಲ್ಲಿ ತಯಾರಾದರೂ ಯಕೃತ್ತಿಗೂ ಅದು ಬೇಕು. ನಾವು ನುಂಗಿದ ಔಷಧಗಳನ್ನು ಅರಗಿಸುವ ಕಿಣ್ವಗಳಲ್ಲಿ ಅದೇ ಇದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ದಕ್ಷಿಣ ಆಫ್ರಿಕಕ್ಕೆ ಹೋಗೋಣ. 1947ರಲ್ಲಿ ಜೆಫ್ರಿ ಡೀನ್ ಎಂಬ ಆಂಗ್ಲ ವೈದ್ಯರು ಅಲ್ಲಿನ ಪೋರ್ಟ್ ಎಲಿಜಬೆತ್ ನಗರಕ್ಕೆ ಬಂದು ನೆಲಸಿದರು. ಅವರ ಬಳಿ ಚಿಕಿತ್ಸೆಗೆ ಬಂದ ದಾದಿಯೊಬ್ಬಳು ನಿದ್ರೆಯ ಔಷಧವಾದ ಬಾರ್ಬಿಚುರೇಟ್ ಸೇವಿಸಿದ ಮೇಲೆ ಅಂಗಾಂಗಗಳ ಬಲ ಕಳೆದುಕೊಂಡು ತೀರಿಕೊಂಡಳು. ಡೀನ್ ಸುಮ್ಮನಾಗಲಿಲ್ಲ. ಅವಳ ಬಂಧುಗಳನ್ನು ವಿಚಾರಿಸಿದಾಗ, ಬಿಸಿಲು ತಾಗಿದ ಕೈಗಳ ಚರ್ಮ ಸುಲಭವಾಗಿ ಬೊಬ್ಬೆಯೇಳುವುದು ಆ ಮನೆತನದಲ್ಲಿ ತಲೆಮಾರುಗಳಿಂದ ಬಂದ ಲಕ್ಷಣವೆಂದು ತಿಳಿಯಿತು. ಅವರು ಊರೂರು ಅಲೆದು, ಚರ್ಚುಗಳ ದಾಖಲೆಗಳನ್ನು ಶೋಧಿಸಿ ವಂಶವೃಕ್ಷಗಳನ್ನು ಬರೆದರು. ಕೊಂಬೆಗಳೆಲ್ಲ ಒಂದೇ ಬೇರಿಗೆ ಬಂದು ಕೂಡಿದವು: 1688ರಲ್ಲಿ ಕೇಪ್ ವಸಾಹತಿನಲ್ಲಿ ಮದುವೆಯಾದ ಖೆರಿಟ್ ಯಾನ್ಸ್ ಹಾಗೂ ಹಾಲೆಂಡಿನಿಂದ ಬಂದ ಅನಾಥ ಕನ್ಯೆ ಆರಿಯಾಂಚ್ಯೆ ಯಾಕೊಬ್ಸ್. ಆ ದಂಪತಿಗಳ ಸಂತತಿಯಲ್ಲಿ ಸಾವಿರಾರು ಜನರು ಈ ದೋಷವನ್ನು ಹೊತ್ತಿದ್ದಾರೆ. ದೋಷವಿರುವುದು ಏಳನೆಯ ಕಿಣ್ವದಲ್ಲಿ. ಅದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆ 1996ರಲ್ಲಿ ಪತ್ತೆಯಾಯಿತು.

ಇಲ್ಲಿ ವಿಚಾರ ಮಾಡಬೇಕಾದ ಸಂಗತಿಯೊಂದಿದೆ. ಹತ್ತಾರು ತಲೆಮಾರು ಆ ಮನೆತನದವರು ಹೊಲ ಉತ್ತರು, ಮಕ್ಕಳನ್ನು ಹೆತ್ತರು, ಮುದುಕರಾಗಿ ತೀರಿಕೊಂಡರು. ಕಿಣ್ವದ ಬಲ ಅರ್ಧವಿದ್ದರೂ ನಿತ್ಯದ ಕೆಲಸಕ್ಕೆ ಅದು ಸಾಕಾಗಿತ್ತು. ಬಾರ್ಬಿಚುರೇಟಿನಂಥ ಔಷಧ ಬಂದಾಗ ಅದನ್ನು ಅರಗಿಸಲು ಯಕೃತ್ತು ಹೆಚ್ಚು ಹೀಮ್ ಬೇಡಿತು. ಸಾಲಿನ ಮೊದಲಿನವನು ಕೊಡಗಳನ್ನು ರಭಸದಿಂದ ದಾಟಿಸತೊಡಗಿದ. ಸೋತ ಕೈಯ ಹಿಂದೆ ರಾಶಿ ಬಿದ್ದಿತು. ಹೊಟ್ಟೆಯಲ್ಲಿ ತಡೆಯಲಾರದ ನೋವು, ಕೆಂಪೇರಿದ ಮೂತ್ರ, ಮತಿಭ್ರಮಣೆ, ಕೊನೆಗೆ ಕೈಕಾಲುಗಳ ಪಾರ್ಶ್ವವಾಯು! ಸಾವು ಬಂದದ್ದು ಬೇನೆ ಇದ್ದುದರಿಂದ ಎನ್ನುವುದಕ್ಕಿಂತ ಬೇನೆ ಇರುವುದು ತಿಳಿಯದೆ ಇದ್ದುದರಿಂದ ಎನ್ನುವುದೇ ಹೆಚ್ಚು ಸರಿ.

ಈ ಬಗೆಯ ಬೇನೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ನಮ್ಮ ದೇಶವೂ ಹೊರತಲ್ಲ. ಹೊಟ್ಟೆನೋವೆಂದು ವೃಥಾ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಬುದ್ಧಿ ಕೆಟ್ಟಿತೆಂದು ನಿಂದೆಗೊಳಗಾದವರು ಇದರ ರೋಗಿಗಳಲ್ಲಿ ಇದ್ದಾರೆ. ಗೊತ್ತಾದರೆ ಮಾತ್ರ ಉಪಾಯವುಂಟು. ನೋವಿರುವಾಗಿನ ಮೂತ್ರವನ್ನು ಪರೀಕ್ಷಿಸಿದರೆ ಬೇನೆ ತಿಳಿಯುತ್ತದೆ. ಗ್ಲೂಕೋಸ್ ಹಾಗೂ ರಕ್ತನಾಳದ ಮೂಲಕ ಕೊಡುವ ಹೀಮ್ ಔಷಧ ದೇಹದೊಳಗಿನ ರಭಸವನ್ನು ತಗ್ಗಿಸುತ್ತವೆ. ವರ್ಜ್ಯವಾದ ಔಷಧಗಳ ಪಟ್ಟಿಯನ್ನು ರೋಗಿ ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು, ಮದ್ಯವನ್ನು ದೂರವಿಡಬೇಕು. ವ್ರತನಿಷ್ಠರಾದ ನಮ್ಮ ತಾಯಂದಿರು ಗಮನಿಸಬೇಕಾದ ಮಾತು ಇನ್ನೊಂದಿದೆ: ನಿರಾಹಾರವೂ ಈ ಬೇನೆಯನ್ನು ಕೆರಳಿಸುತ್ತದೆ. ಇಂಥವರಿಗೆ ಹೊತ್ತುಹೊತ್ತಿಗೆ ಉಣ್ಣುವುದೇ ನಿಯಮ. ಉಪವಾಸವನ್ನು ಬಿಟ್ಟರೆ ಭಕ್ತಿಗೆ ಊನವಿಲ್ಲ.

ಈ ದೋಷವುಳ್ಳ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಂಭವ ನೂರಕ್ಕೆ 50. ಬಂದವರೆಲ್ಲರೂ ಬೇನೆ ಬೀಳುವುದಿಲ್ಲ. ಬಹುತೇಕರು ಜೀವಮಾನವಿಡೀ ಸ್ವಸ್ಥರಾಗಿಯೇ ಇರುತ್ತಾರೆ. ಆದ್ದರಿಂದ ಇದು ಕಳಂಕವೂ ಅಲ್ಲ, ಯಾರೊಬ್ಬರ ತಪ್ಪೂ ಅಲ್ಲ. ಹೊಲದ ಗಡಿ, ಮನೆಯ ಸಾಲ ಮಕ್ಕಳಿಗೆ ತಿಳಿದಿರಬೇಕೆನ್ನುವ ನಾವು ಮನೆತನದ ಬೇನೆಯನ್ನು ಮಾತ್ರ ಅವರಿಂದ ಮರೆಮಾಚುವುದು ಯಾವ ವಿವೇಕ?

ಆ ಹಿರಿಯರ ತಮ್ಮನಿಗೆ ಇದೇ ಬೇನೆ ಇತ್ತೆಂದು ನಾವು ಹೇಳಲಾರೆವು. ಅದನ್ನು ಹೇಳಬೇಕಾದವರು ವೈದ್ಯರು. ಅವರು ಹೇಳಬೇಕಾದರೆ ಮೊದಲು ಅವರಿಗೆ ತಿಳಿಯಬೇಕಷ್ಟೆ. ಹಿರಿಯರು ಬಹಳ ಹೊತ್ತು ಮೌನವಾಗಿದ್ದು ಎದ್ದುಹೋದರು. ಮರುದಿನ ವೈದ್ಯರಿಗೆ ಎಲ್ಲವನ್ನೂ ತಿಳಿಸಿದರೆಂದೂ, ಪರೀಕ್ಷೆಗಳು ಮುಗಿಯುವವರೆಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ್ದಾರೆಂದೂ ಕೇಳಿ ನಮಗೆ ಸಮಾಧಾನವಾಯಿತು. ಮಗಳ ಸಂಬಂಧದವರಿಗೂ ತಾವೇ ಹೋಗಿ ಹೇಳಿ ಬಂದರಂತೆ. ಅವರು ಏನೆಂದರೆಂದು ನಾವು ಕೇಳಲಿಲ್ಲ. ನಿಜವನ್ನು ಕೇಳಿ ಹಿಂದೆಗೆಯುವ ಮನೆಗೆ ಮಗಳು ಹೋಗದಿದ್ದರೆ ನಷ್ಟವೇನೂ ಇಲ್ಲ.